ಬ್ಲೌಸ್ ಪೀಸಿನ ಅಂಗಿ

ಹುತ್ತೂರಿನ ಕೊಂಡಪ್ಪನ ಮಗ ಅಂಜಿ ಬಿ.ಕಾಂ. ಎರಡನೇ ವರ್ಷಕ್ಕೆ ಬರೋ ಹೊತ್ತಿಗೆ, ಕೋಲಾರದ ಕಾಲೇಜಿನಲ್ಲಿ ಅವನಷ್ಟು ಸ್ಟೈಲಾಗಿ ಬಟ್ಟೆ ಹಾಕೋನು ಇನ್ನೊಬ್ಬನಿಲ್ಲ ಅಂತ ಹೆಸರಾಗಿತ್ತು. ಹೆಸರು ಬಂದಿದ್ದು ಓದಿನಿಂದಲ್ಲ, ಅದನ್ನ ಮೊದಲೇ ಹೇಳಿಬಿಡೋದು ಒಳ್ಳೇದು. ಓದಿನಲ್ಲಿ ಅವನದು ನಡುವಿನ ಬೆಂಚು, ನಡುವಿನ ಮಾರ್ಕು. ಆದರೆ ಬೆಳಗ್ಗೆ ಒಂಬತ್ತೂವರೆಗೆ ಅವನು ಗೇಟಿನಲ್ಲಿ ಬಂದು ನಿಂತ ಅಂದರೆ, ಅಂಗಿಗೆ ಮುಂದೊಂದು ಬಣ್ಣ, ಹಿಂದೊಂದು ಬಣ್ಣ, ತೋಳಿಗೆ ಮೂರನೇದು, ಅಪ್ಪನ ದುಡ್ಡಲ್ಲಿ ಬೈಕ್ ಓಡಿಸೋ ಹುಡುಗರೂ ಗಾಡಿ ನಿಲ್ಲಿಸಿ ನೋಡ್ತಿದ್ದರು.

ಎಲ್ಲಿ ತಗೊಂಡೆ ಅಂತ ಯಾರಾದರೂ ಕೇಳಿದರೆ ಅಂಜಿ ಕಾಲರ್ ಸರಿಮಾಡ್ಕೊಂಡು, ಬೆಂಗಳೂರಲ್ಲಿ ನಮ್ಮ ಚಿಕ್ಕಮ್ಮನ ಮಗಳು ಬೊಟೀಕ್ ಇಟ್ಟಿದ್ದಾಳೆ, ಒಂದು ಡಿಸೈನಿಗೆ ಒಂದೇ ಅಂಗಿ ಮಾಡೋದು ಅಂತಿದ್ದ. ಚಿಕ್ಕಮ್ಮ ಇದ್ದದ್ದು ನಿಜ. ಇರೋದು ಲಕ್ಕೂರಿನಲ್ಲಿ, ಅವಳ ಮಗಳು ಓದ್ತಿರೋದು ಆರನೇ ಕ್ಲಾಸು. ಒಂದು ಡಿಸೈನಿಗೆ ಒಂದೇ ಅಂಗಿ ಅನ್ನೋದೂ ಅಪ್ಪಟ ನಿಜವೇ, ಯಾಕಂದರೆ ಎರಡನೇದಕ್ಕೆ ಬಟ್ಟೆ ಇರ್ತಿರಲಿಲ್ಲ.

ಆ ಬಟ್ಟೆ ಬರ್ತಿದ್ದದ್ದು ಅವರಮ್ಮ ಮುನಿಲಕ್ಷ್ಮಿಯ ಕಬ್ಬಿಣದ ಟ್ರಂಕಿನಿಂದ. ಟ್ರಂಕಿನ ತುಂಬ ಬ್ಲೌಸ್ ಪೀಸು. ನಮ್ಮ ಕಡೆ ಹೆಂಗಸರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳಬೇಕು, ಅವರ ಕಣ್ಣಿಗೆ ಇದು ಯಾವತ್ತೂ ಬಿದ್ದಿರಲ್ಲ. ಯಾರ ಮನೇಲಿ ಏನೇ ಆಗಲಿ, ನಾಮಕರಣ, ಸೀಮಂತ, ಗೃಹಪ್ರವೇಶ, ಕಡೆಗೆ ಸುಮ್ಮನೆ ಕಾಫಿಗೆ ಹೋದರೂ ಸರಿ, ಹೊರಡೋ ಹೆಂಗಸಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ಅದರ ಜೊತೆ ಒಂದು ಬ್ಲೌಸ್ ಪೀಸು ಕೊಟ್ಟೇ ಕಳಿಸಬೇಕು. ಕೊಡದಿದ್ದರೆ ಮರ್ಯಾದೆ ಹೋಯ್ತು. ಇಸ್ಕೊಂಡವಳು ಅದನ್ನ ಹೊಲಿಸ್ತಾಳಾ ಅಂದರೆ, ಅಯ್ಯೋ, ಯಾರು ಹೊಲಿಸ್ತಾರೆ? ಟ್ರಂಕಿನಲ್ಲಿಟ್ಟು ಮುಂದಿನ ಮನೆಗೆ ದಾಟಿಸ್ತಾಳೆ. ಆ ಮನೆಯವಳು ಅದರ ಮುಂದಿನ ಮನೆಗೆ. ಹೀಗೆ ಒಂದೊಂದು ಪೀಸು ಹುತ್ತೂರಿಂದ ಹೊರಟು, ಮಾಲೂರು ನೋಡ್ಕೊಂಡು, ಮುಳಬಾಗಿಲಲ್ಲಿ ಎರಡು ಮದುವೆ ಮುಗಿಸ್ಕೊಂಡು, ಮಡಿಕೆ ಬಿಚ್ಚದೆ ವಾಪಸ್ ಬರ್ತಿತ್ತು. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿರೋದು ಬಿಟ್ಟರೆ ಅದಕ್ಕೆ ವಯಸ್ಸಾಗಿದ್ದೇ ಗೊತ್ತಾಗ್ತಿರಲಿಲ್ಲ.

ಈ ಓಡಾಟದಲ್ಲಿ ಇರೋ ಅಪಾಯ ಒಂದೇ, ಕೊಟ್ಟವಳಿಗೇ ವಾಪಸ್ ಕೊಟ್ಟುಬಿಡೋದು. ಹತ್ತು ವರ್ಷದ ಹಿಂದೆ ಮುನಿಲಕ್ಷ್ಮಿ ಆ ತಪ್ಪು ಮಾಡಿದ್ದಳು. ಎದುರು ಮನೆ ಶಾಮಲಮ್ಮ ಗೌರಿ ಹಬ್ಬಕ್ಕೆ ಕೊಟ್ಟ ನೇರಳೆ ಪೀಸನ್ನ ಸಂಕ್ರಾಂತಿಗೆ ಶಾಮಲಮ್ಮನ ಮಡಿಲಿಗೇ ಹಾಕಿದ್ದಳು. ಆರು ತಿಂಗಳು ಮಾತಿಲ್ಲ. ರಾಜಿಯಾದ ಮೇಲೆ ಇಬ್ಬರೂ ಸೇರಿ ಒಂದು ಉಪಾಯ ಕಂಡ್ಕೊಂಡರು: ಪೀಸು ಕೈಗೆ ಬಂದ ದಿನವೇ ಅಂಚಿನಲ್ಲಿ ಕೊಟ್ಟವರ ಹೆಸರು ಬರೆದಿಡೋದು. ಬರೆಯೋಕೆ ಟೊಮೊಟೊ ಕ್ರೇಟಿನ ಮೇಲೆ ಹೆಸರು ಹಾಕೋ ಮಾರ್ಕರ್ರು, ಯಾಕಂದರೆ ಮನೇಲಿ ಯಾವಾಗಲೂ ಕೈಗೆ ಸಿಗೋ ಪೆನ್ನು ಅದೊಂದೇ. ಮಳೆ, ಬಿಸಿಲು, ಮಂಡಿಯ ಹಮಾಲಿಗಳ ಕೈ, ಯಾವುದಕ್ಕೂ ಅಳಿಸದ ಇಂಕು ಅದು. ಆಮೇಲಾಮೇಲೆ ಇಡೀ ಬೀದಿ ಈ ಪದ್ಧತಿ ಕಲೀತು. ಸಣ್ಣದಾಗಿ ಬರೆದು, ಕೊಡೋವಾಗ ಹೆಸರನ್ನ ಮಡಿಕೆಯ ಒಳಗೆ ಸೇರಿಸಿ ಕೊಟ್ಟರೆ ಸಾಕು, ಯಾರೂ ಬಿಚ್ಚಿ ನೋಡಲ್ಲ. ಯಾರೂ ಹೊಲಿಸಲ್ಲ ಅನ್ನೋ ಧೈರ್ಯದ ಮೇಲೆ ಇಡೀ ವ್ಯವಹಾರ ನಿಂತಿತ್ತು.

ಆ ಧೈರ್ಯಕ್ಕೆ ಕತ್ತರಿ ಹಾಕಿದವನು ಅಂಜಿ. ಕಾಲೇಜು ಸೇರಿದಾಗ ಅವನ ಹತ್ತಿರ ಇದ್ದದ್ದು ಮೂರು ಅಂಗಿ. ಒಂದು ಮಾವನ ಮದುವೇಲಿ ಹೊಲಿಸಿದ್ದು, ಇನ್ನೆರಡು ಯೂನಿಫಾರ್ಮಿನ ಬಿಳಿ. ಹೊಸದು ಬೇಕು ಅಂದಿದ್ದಕ್ಕೆ ಕೊಂಡಪ್ಪ, ಇರೋದು ಹರಿದಿದೆಯಾ ಅಂತ ಕೇಳಿದ. ಹರಿದಿರಲಿಲ್ಲ. ಕೊಂಡಪ್ಪನ ಪ್ರಕಾರ ಮಾತು ಅಲ್ಲಿಗೆ ಮುಗೀತು. ಒಂದು ಮಧ್ಯಾಹ್ನ ಟ್ರಂಕಿನ ಮೇಲೆ ಕೂತು, ಮೊಬೈಲಿನಲ್ಲಿ ಯಾವನೋ ಎರಡು ಬಣ್ಣದ ಅಂಗಿ ಹಾಕ್ಕೊಂಡು ಕುಣೀತಿರೋದನ್ನ ನೋಡ್ತಾ ಇದ್ದಾಗ, ತಾನು ಯಾತರ ಮೇಲೆ ಕೂತಿದ್ದೀನಿ ಅನ್ನೋದು ಅಂಜಿಗೆ ಹೊಳೀತು.

ಕೋಲಾರದ ಬಸ್‌ಸ್ಟ್ಯಾಂಡ್ ಹಿಂದೆ ಭೀಮರಾಜ್ ಅಂತ ಒಬ್ಬ ಟೈಲರ್. ಪ್ಯಾಂಟು ಗಿಡ್ಡ ಮಾಡೋದು, ಜಿಪ್ಪು ಹಾಕೋದು, ಬ್ಯಾಗಿನ ಹೊಲಿಗೆ ಬಿಟ್ಟರೆ ಹಾಕಿಕೊಡೋದು, ಇಷ್ಟೇ ಅವನಿಗೆ ಬರ್ತಿದ್ದ ಕೆಲಸ. ಎರಡು ಪೀಸಿನಲ್ಲಿ ಮುಂದೆ ಹಿಂದೆ ಆಗುತ್ತೆ, ತೋಳಿಗೂ ಕಾಲರಿಗೂ ಮೂರನೇದು ಬೇಕು ಅಂದ. ಅಂಜಿ ನರಪೇತಲ ಆಗಿದ್ದು ಜೀವಮಾನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಹೊಲಿಗೆ ಕೂಲಿಗೆ ಅಂತ ಅವನು ಕ್ಯಾಂಟೀನಿನ ಪಫ್ ತಿನ್ನೋದು ಬಿಟ್ಟ. ಬಟ್ಟೆ ಎಷ್ಟು ಬಿಗಿ ಅಂದರೆ ಅಂಚು ಕತ್ತರಿಸಿ ಬಿಸಾಕೋ ಹಂಗಿರಲಿಲ್ಲ, ಹೆಸರಿದ್ದ ಅಂಚು ಅಂಗಿಯ ಒಳಗೇ ಉಳೀತಿತ್ತು. ಒಂದರ ಜೇಬಿನ ಹಿಂದೆ ಲಕ್ಕೂರು ಚಿಕ್ಕಮ್ಮ, ಇನ್ನೊಂದರ ಕಂಕುಳಲ್ಲಿ ಮಾಲೂರಿನ ಯಾರೋ ಸುನಂದ. ಒಳಗೆ ತಾನೆ, ಯಾರು ನೋಡ್ತಾರೆ ಅಂದ ಭೀಮರಾಜ್. ಅಂಜಿಗೂ ಅದು ಸರಿ ಅನ್ನಿಸ್ತು.

ಕಾಣೋ ಕಡೆ ಚೆನ್ನಾಗಿದ್ದರೆ ಸಾಕು ಅನ್ನೋದು ಅಂಜಿಯ ಸಿದ್ಧಾಂತ. ಆ ಸಿದ್ಧಾಂತದ ಪ್ರಕಾರ ಬನಿಯನ್ನಿಗೆ ದುಡ್ಡು ಹಾಕೋದು ಶುದ್ಧ ದಂಡ. ಎರಡು ವರ್ಷದಿಂದ ಅವೇ ಬನಿಯನ್ನು, ಬೆನ್ನಲ್ಲಿ ತೂತು, ಎದೇಲಿ ತೂತು. ಸಾಕ್ಸಿಗೆ ಪಾದವೇ ಇರಲಿಲ್ಲ, ಶೂನಿಂದ ಮೇಲೆ ಕಾಣೋ ಭಾಗ ಮಾತ್ರ ಇತ್ತು. ಶೂ ಬೆಳ್ಳಗಾಗ್ತಿದ್ದದ್ದು ಹಲ್ಲುಜ್ಜೋ ಪೇಸ್ಟಿನಿಂದ. ಇನ್ನು ಸೆಂಟು. ಮನೇಲಿ ರೇಷ್ಮೆ ಹುಳು ಸಾಕ್ತಿದ್ದರು, ಹುಳು ಮನೆಯ ಹತ್ತಿರ ಸೆಂಟು ಪೌಡರ್ ಸುಳಿದರೆ ಹುಳು ಸೊಪ್ಪು ಮುಟ್ಟಲ್ಲ ಅಂತ ಮುನಿಲಕ್ಷ್ಮಿಯ ಕಟ್ಟಪ್ಪಣೆ. ಹಂಗಾಗಿ ಮನೆಯಿಂದ ಹೊರಡೋವಾಗ ಅಂಜಿಗೆ ಬಿಳಿ ಅಂಗಿ, ಎಣ್ಣೆ ತಲೆ. ಬಸ್‌ಸ್ಟಾಪಿನ ಹಿಂದಿನ ಹುಣಸೆ ಮರದ ಮರೆಯಲ್ಲಿ ಅಂಗಿ ಬದಲಾಯಿಸಿ, ಸೆಂಟು ಹೊಡ್ಕೊಂಡು, ಕೂದಲು ಎಬ್ಬಿಸಿದ ಮೇಲೆ ಬಸ್ ಹತ್ತೋನು ಬೇರೆಯವನೇ. ಮಗ ಏನು ಹಾಕ್ಕೊಂಡು ಓಡಾಡ್ತಾನೆ ಅನ್ನೋದು ಮುನಿಲಕ್ಷ್ಮಿ ಕಣ್ಣಿಗೆ ಬಿದ್ದೇ ಇರಲಿಲ್ಲ. ಟ್ರಂಕಿನಲ್ಲಿ ಪೀಸು ಕಮ್ಮಿಯಾಗ್ತಿರೋದು ಕಂಡು, ತಾನೇ ಯಾರಿಗೋ ಕೊಟ್ಟು ಮರೆತಿರಬೇಕು ಅಂದ್ಕೊಂಡು ಸುಮ್ಮನಾಗ್ತಿದ್ದಳು.

ಆ ಟ್ರಂಕಿನಲ್ಲಿ ಅಂಜಿ ಎಷ್ಟು ಹುಡುಕಿದರೂ ಸಿಗದೇ ಇದ್ದ ಬಣ್ಣ ಒಂದೇ, ಗಿಣಿ ಹಸಿರು. ಅದು ಸಿಗಲ್ಲ ಅಂತ ಅವನಿಗೂ ಗೊತ್ತಿತ್ತು. ಮುನಿಲಕ್ಷ್ಮಿ ತಾನಾಗಿ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು ತಂದ ಪೀಸು ಅಂತ ಇದ್ದದ್ದು ಅದೊಂದೇ. ಎರಡು ವರ್ಷದ ಹಿಂದೆ ಶಾಮಲಮ್ಮ ಎದುರಿನ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದಾಗ, ಆ ನೇರಳೆ ಪೀಸಿನ ತಪ್ಪು ತೊಳೆದುಹೋಗೋ ಹಂಗೆ ಏನಾದರೂ ಕೊಡಬೇಕು ಅಂತ ಮುನಿಲಕ್ಷ್ಮಿಗೆ ಆಸೆಯಾಯ್ತು. ರೇಷ್ಮೆ ಗೂಡು ಮಾರಿದ ದುಡ್ಡು ಸೆರಗಿಗೆ ಕಟ್ಕೊಂಡು ಕೋಲಾರಕ್ಕೆ ಹೋಗಿ, ಒಂದು ಗಂಟೆ ನಿಂತು, ಅಂಗಡಿಯವನ ಕೈಲಿ ನಲವತ್ತು ಪೀಸು ಬಿಚ್ಚಿಸಿ, ಕುಂಕುಮದ ಬಣ್ಣದ ಅಂಚಿದ್ದ ಆ ಗಿಣಿ ಹಸಿರನ್ನ ಆರಿಸಿದ್ದಳು. ಹೊ‌ರಗೆ ಚೀಲ ಹಿಡ್ಕೊಂಡು ಬಿಸಿಲಲ್ಲಿ ನಿಂತಿದ್ದ ಅಂಜಿ ಸಿಟ್ಟು ಮಾಡ್ಕೊಂಡಿದ್ದ. ಇದನ್ನ ಶಾಮಲಕ್ಕ ಯಾರಿಗೂ ದಾಟಿಸಲ್ಲ ನೋಡು, ಹೊಲಿಸೇ ಹೊಲಿಸ್ತಾಳೆ ಅಂತ ಅವಳು ಬಸ್ಸಿನಲ್ಲಿ ಎರಡು ಸಲ ಹೇಳಿದ್ದಳು. ಆ ವರ್ಷ ದೀಪಾವಳಿ ಕಳೆದ ಮೇಲೆ ಕೇಳಿದರೆ, ಹೊಲಿಸ್ಕೊಂಡೆ ಕಣೇ, ಎಲ್ಲರೂ ಎಲ್ಲಿ ತಗೊಂಡ್ರಿ ಅಂತ ಕೇಳೋರೇ ಅಂದಳಂತೆ ಶಾಮಲಮ್ಮ. ಮುನಿಲಕ್ಷ್ಮಿ ಆ ಮಾತನ್ನ ಒಂದು ವಾರ ಮನೆಯವರಿಗೆಲ್ಲ ಹೇಳ್ಕೊಂಡು ಓಡಾಡಿದ್ದಳು.

ಈಗ ಚಂದ್ರಕಲಾ ವಿಷಯ. ಶ್ರೀನಿವಾಸಪುರದ ಆಚೆ ರಾಯಲ್ಪಾಡಿನವಳು, ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ಅಂಜಿಯ ಕ್ಲಾಸಿನಲ್ಲೇ ಓದ್ತಿದ್ದಳು. ಮೂರು ಚೂಡಿದಾರ್‌ನ ತಿರುಗಿಸಿ ಮುರುಗಿಸಿ ಹಾಕ್ತಿದ್ದಳು, ಅದರ ಬಗ್ಗೆ ಒಂದು ಚೂರೂ ನಾಚಿಕೆ ಇರಲಿಲ್ಲ. ಅಂಜಿಯ ಅಂಗಿಯನ್ನ ಅವಳು ಬಾಯಿಬಿಟ್ಟು ಹೊಗಳಿದ್ದು ಒಂದೇ ಸಲ. ಈ ಕ್ಲಾಸಲ್ಲಿ ಎಲ್ಲರೂ ಇನ್ನೊಬ್ಬರನ್ನ ನೋಡಿ ಹಾಕೋರೇ, ನೀನೊಬ್ಬ ನಿನಗೆ ಇಷ್ಟ ಬಂದಿದ್ದು ಹಾಕ್ತೀಯ, ಸುಳ್ಳು ಶೋಕಿ ಇಲ್ಲ ಅಂದಿದ್ದಳು. ಆ ರಾತ್ರಿ ಅಂಜಿಗೆ ಊಟ ಸೇರಲಿಲ್ಲ. ಆಮೇಲೆ ಅವಳು ಆ ಬೊಟೀಕಿನ ಹೆಸರೇನು ಅಂತ ಮೂರು ಸಲ ಕೇಳಿದಳು. ಒಂದು ಸಲ ಬೋರ್ಡ್ ಬದಲಾಯಿಸ್ತಿದ್ದಾರೆ ಅಂದ, ಇನ್ನೊಂದು ಸಲ ಇಂಗ್ಲಿಷ್ ಹೆಸರು ಬಾಯಿಗೆ ಬರಲ್ಲ ಅಂದ, ಮೂರನೇ ಸಲ ಬಸ್ ಬಂತು ಅಂತ ಓಡಿದ. ಬೇರೆ ಯಾರಿಗೆ ಗೊತ್ತಾದರೂ ನಕ್ಕು ಸಂಭಾಳಿಸಬಹುದು, ಚಂದ್ರಕಲಾಗೆ ಮಾತ್ರ ಗೊತ್ತಾಗಬಾರದು ಅಂದ್ಕೊಂಡಿದ್ದ.

ಮೇ ತಿಂಗಳಲ್ಲಿ ಪರೀಕ್ಷೆ ಮುಗೀತು. ನಮ್ಮಜ್ಜಿ ತೋಟದಲ್ಲಿ ಮಾವಿನಕಾಯಿ ಬಲಿತಿದೆ, ಭಾನುವಾರ ಎಲ್ಲರೂ ಬನ್ನಿ ಅಂತ ಚಂದ್ರಕಲಾ ಕ್ಲಾಸಿನ ಆರು ಜನಕ್ಕೆ ಹೇಳಿದಳು. ಮೂವರು ಹುಡುಗಿಯರು, ಅಂಜಿ, ಅವನ ಗೆಳೆಯ ನರೇಶ್, ಇನ್ನೊಬ್ಬ. ಅಂಜಿ ಅವತ್ತೇ ಟ್ರಂಕಿನ ತಳಕ್ಕೆ ಕೈ ಹಾಕಿದ. ಅಲ್ಲೊಂದು ಪೀಸಿತ್ತು, ಉಳಿದವುಗಳ ಜಾತಿಯದಲ್ಲ. ಇಟ್ಟಿಗೆ ಕೆಂಪು, ಒತ್ತಾದ ನೇಯ್ಗೆ, ಮೈ ತುಂಬ ಚಿಕ್ಕ ಚಿಕ್ಕ ಮಾವಿನಕಾಯಿ ಬುಟ್ಟಾ. ಅಂಚಿನಲ್ಲಿ ಎರಡು ಹೆಸರು. ಮುದ್ದಾದ ಅಕ್ಷರದಲ್ಲಿ ‘ವೆಂಕಟರತ್ನಮ್ಮ, ಗೃಹಪ್ರವೇಶ’, ಅದರ ಪಕ್ಕ ಅವರಮ್ಮನ ಸೊಟ್ಟ ಅಕ್ಷರದಲ್ಲಿ ‘ಶಾಮಲಮ್ಮ’. ಅಂದರೆ ಯಾರೋ ವೆಂಕಟರತ್ನಮ್ಮ ಶಾಮಲಮ್ಮನಿಗೆ ಕೊಟ್ಟಿದ್ದು, ಶಾಮಲಮ್ಮ ಆ ಹೆಸರು ಬರೆದಿಟ್ಟು, ಆಮೇಲೆ ಮುನಿಲಕ್ಷ್ಮಿಗೆ ದಾಟಿಸಿದ್ದು. ಯಾವ ವೆಂಕಟರತ್ನಮ್ಮ ಅಂತ ಅಂಜಿ ತಲೆ ಕೆಡಿಸ್ಕೊಳ್ಳಲಿಲ್ಲ. ಭೀಮರಾಜ್ ಆ ಕೆಂಪನ್ನ ಬೆನ್ನಿಗೆ ಹಾಕಿದ. ಎರಡೂ ಹೆಸರು ಸರಿಯಾಗಿ ಕಾಲರಿನ ಕೆಳಗೆ, ಒಳಗಡೆ, ಅಂಗಡಿ ಬಟ್ಟೆಗೆ ಕಂಪನಿ ಹೆಸರಿನ ಚೀಟಿ ಇರೋ ಜಾಗದಲ್ಲೇ ಬಂದು ಕೂತವು.

ರಾಯಲ್ಪಾಡಿನಲ್ಲಿ ಬಸ್ ಇಳಿದು ಚಂದ್ರಕಲಾ ಹಿಂದೆ ನಡೆದರೆ, ತೋಟದ ಬಾಯಲ್ಲೇ ಹೊಸ ಮನೆ. ಗೇಟಿನ ಕಂಬಕ್ಕೆ ಕರೀ ಕಲ್ಲು, ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ‘ಶ್ರೀಮತಿ ವೆಂಕಟರತ್ನಮ್ಮ ನಿಲಯ’. ಅಂಜಿಯ ಕತ್ತಿನ ಹಿಂದೆ ಬಿಸಿಯಾಯ್ತು. ಈ ಕಡೆ ಊರಿಗೆ ಹತ್ತು ಜನ ವೆಂಕಟರತ್ನಮ್ಮ ಇರ್ತಾರೆ ಅಂತ ತನಗೆ ತಾನೇ ಹೇಳ್ಕೊಂಡ. ಒಳಗೆ ಹೋದರೆ ಗೋಡೆ ಮೇಲೆ ಗೃಹಪ್ರವೇಶದ ದೊಡ್ಡ ಫೋಟೋ. ಅದರಲ್ಲಿ ಅಜ್ಜಿಯ ಪಕ್ಕ ತಟ್ಟೆ ಹಿಡ್ಕೊಂಡು ಹಲ್ಲು ಬಿಡ್ತಾ ನಿಂತಿದ್ದವಳು ಎದುರು ಮನೆ ಶಾಮಲಮ್ಮ. ಅವರು ನಮ್ಮ ತಾತನ ತಂಗಿ, ಕೊಟ್ಟಿರೋದು ನಿಮ್ಮೂರಿಗೇ, ಗೊತ್ತಾ ಅಂತ ಚಂದ್ರಕಲಾ ಕೇಳಿದಳು. ಎಲ್ಲೋ ನೋಡಿದಂಗಿದೆ ಅಂದ ಅಂಜಿ. ಹುಟ್ಟಿದಾಗಿನಿಂದ ದಿನಾ ಬೆಳಗ್ಗೆ ಶಾಮಲಮ್ಮ ಬಾಗಿಲಿಗೆ ನೀರು ಹಾಕೋದನ್ನ ನೋಡ್ಕೊಂಡು ಬೆಳೆದ ಹುಡುಗನ ಮಾತು ಇದು.

ವೆಂಕಟರತ್ನಮ್ಮ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅರ್ಧ ತೆಲುಗು, ಅರ್ಧ ಕನ್ನಡ, ಎರಡರಲ್ಲೂ ಜೋರು. ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು, ಅಂಜಿಯ ಹಿಂದೆ ಹಾದು ಹೋಗೋವಾಗ ನಿಂತಳು. ಬಟ್ಟೆ ಚೆನ್ನಾಗಿದೆಯಲ್ಲ ನಾಯನಾ, ಎಲ್ಲಿ ತಗೊಂಡೆ ಅಂದಳು. ಬೆಂಗಳೂರು ಅಜ್ಜಿ ಅಂದ ಅವನು. ಅಲ್ಲಿಂದ ಮುಂದೆ ಅಂಜಿ ಯಾರಿಗೂ ಬೆನ್ನು ತೋರಿಸಲಿಲ್ಲ. ಊಟಕ್ಕೆ ಗೋಡೆಗೆ ಒರಗಿ ಕೂತ. ಕೈ ತೊಳೆಯೋಕೆ ಹಿಂದಹಿಂದಕ್ಕೆ ನಡೆದು ಹೋದ. ನಿನಗೇನು ಬೆನ್ನಿಗೆ ಬೊಬ್ಬೆ ಬಂದಿದೆಯೇನ್ಲಾ ಅಂತ ನರೇಶ್ ಕೇಳಿದ. ತೋಟಕ್ಕೆ ಹೋದಾಗ ಎಲ್ಲರೂ ಕಾಯಿ ಕೀಳೋಕೆ ನುಗ್ಗಿದರೆ, ಇವನು ಒಂದು ಮರದ ಬೊಡ್ಡೆಗೆ ಬೆನ್ನು ಅಂಟಿಸಿ ನಿಂತುಬಿಟ್ಟ. ಶೋಕಿಗೆ ನಿಂತಿದ್ದಾನೆ ಅಂತ ಹುಡುಗಿಯರು ಫೋಟೋ ಹೊಡೆದರು.

ಆ ಮರದ ಮೇಲೆ ಇದ್ದವನು ನರೇಶ್. ತೊಟ್ಟು ಮುರಿದು ಮುರಿದು ಕಾಯಿ ಕೀಳ್ತಿದ್ದ. ಮಾವಿನಕಾಯಿ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತೆ. ಮೈಗೆ ಬಿದ್ದರೆ ಸುಡುತ್ತೆ, ಬಟ್ಟೆಗೆ ಬಿದ್ದರೆ ಕಪ್ಪು ಕಲೆ, ಜಪ್ಪಯ್ಯ ಅಂದರೂ ಹೋಗಲ್ಲ. ಅಲ್ಲಾಡದೆ ನಿಂತಿದ್ದ ಅಂಜಿಯ ಕತ್ತು ಬೆನ್ನಿನ ಮೇಲೆಲ್ಲ ಅದು ಇಳೀತು. ಉರಿ ತಡೀಲಾರದೆ ಅವನು ಎಗರಿದ. ವೆಂಕಟರತ್ನಮ್ಮ ಅವನ ರೆಟ್ಟೆ ಹಿಡಿದು ಮನೆ ಹಿಂದಿನ ಒಗೆಯೋ ಕಲ್ಲಿನ ಹತ್ತಿರ ಎಳ್ಕೊಂಡು ಹೋದಳು. ಚಂದ್ರಕಲಾ ಬಿಂದಿಗೆ ತಂದಳು. ಅಂಗಿ ತೆಗೆ ಅಂದಳು ಅಜ್ಜಿ. ಪರವಾಗಿಲ್ಲ ಅಜ್ಜಿ ಅಂದ. ಗುಳ್ಳೆ ಏಳುತ್ತೆ ತೆಗಿ ಅಂದಳು. ನಾನು ಮನೆಗೆ ಹೋಗಿ ತೆಗೀತೀನಿ ಅಂದ. ನಾಲ್ಕು ಗಂಡುಮಕ್ಕಳನ್ನ ಸಾಕಿದ ಕೈ ಅದು. ಎರಡು ಗುಂಡಿ ಬಿಚ್ಚಿ ತಲೆ ಮೇಲಿಂದ ಎಳೆದುಬಿಟ್ಟಳು. ಅಂಜಿ ಬನಿಯನ್ನಿನಲ್ಲಿ ನಿಂತ. ಯಾವ ಬನಿಯನ್ನು ಅಂತ ಆಗಲೇ ಹೇಳಿದ್ದೀನಿ.

ಅಜ್ಜಿ ಅಂಗಿಯನ್ನ ಒಳಹೊರಗು ಮಾಡಿ ಕಲ್ಲಿನ ಮೇಲೆ ಹಾಸಿ, ಕಾಲರಿಗೆ ಸೋಪು ತಿಕ್ಕೋಕೆ ಹೋದವಳು ನಿಂತಳು. ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ವೆಂಕಟರತ್ನಮ್ಮ. ಗೃಹಪ್ರವೇಶ." ತಲೆ ಎತ್ತಿದಳು. "ಏಮಿರಾ ಇದಿ? ನನ್ನ ಹೆಸರು ನಿನ್ನ ಬೆನ್ನ ಮೇಲೆ ಯಾಕಿದೆ?"

ಅಂಜಿ ಚಂದ್ರಕಲಾ ಮುಖ ನೋಡಿದ. ಇನ್ನು ಸುಳ್ಳು ಹೇಳೋಕೆ ಅವನ ಹತ್ತಿರ ಅಂಗಿಯೂ ಇರಲಿಲ್ಲ. ಟ್ರಂಕು, ಮಾರ್ಕರ್ರು, ಭೀಮರಾಜ್, ಶಾಮಲಮ್ಮ, ಎಲ್ಲ ಒಂದೇ ಉಸಿರಿಗೆ ಹೊರಗೆ ಬಂತು. ವೆಂಕಟರತ್ನಮ್ಮನಿಗೆ ಅವನು ಕದ್ದಿದ್ದರ ಬಗ್ಗೆ ಏನೂ ಅನ್ನಿಸಲಿಲ್ಲ. ಒಗೆಯೋ ಕಲ್ಲಿನ ಮೇಲೆ ಕೂತುಬಿಟ್ಟಳು. ಗೃಹಪ್ರವೇಶಕ್ಕೆ ಬಂದ ಹೆಂಗಸರಿಗೆಲ್ಲ ಬಂಡಲ್ ಪೀಸು ಕೊಟ್ಟಳಂತೆ. ಇದೊಂದನ್ನ ಮಾತ್ರ ಮದನಪಲ್ಲಿಗೆ ಹೋಗಿ, ನೇಯೋರ ಹತ್ತಿರವೇ ಆರಿಸಿ, ನಾದಿನಿ ಶಾಮಲಮ್ಮನಿಗೆ ಅಂತ ತಂದಿದ್ದಳಂತೆ. ಹೊಲಿಸ್ಕೊಂಡೆ ಅತ್ತಿಗೆ, ಅಳತೆ ಎತ್ತಿಟ್ಟಂಗಿದೆ ಅಂತ ಫೋನಿನಲ್ಲಿ ಹೇಳಿದ್ದಳಂತೆ ಶಾಮಲಮ್ಮ. ಇಂಥ ಹೆಂಗಸರೂ ಇರ್ತಾರಾ, ಮನಸ್ಸಿಟ್ಟು ಕೊಟ್ಟಿದ್ದನ್ನ ಬೀದಿಗೆ ಹಾಕೋರು, ನಾನು ಸತ್ತರೂ ಅಂಥ ಕೆಲಸ ಮಾಡಲ್ಲ ಅಂತ ಕಣ್ಣು ಒರೆಸ್ಕೊಂಡಳು.

ಚಂದ್ರಕಲಾ ಅಜ್ಜಿಯ ಕಡೆ ನೋಡ್ತಿರಲಿಲ್ಲ. ಅಂಜಿಯ ಬನಿಯನ್ನಿನ ತೂತುಗಳನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಆಮೇಲೆ ಅಂಗಿಯ ಕಾಲರ್ ನೋಡಿದಳು.

"ಅಂತೂ ನಿನ್ನ ಬೊಟೀಕಿನ ಹೆಸರು ಗೊತ್ತಾಯ್ತು ಕಣೋ," ಅಂದಳು.

ಅಷ್ಟು ಹೇಳಿ ಬಿಂದಿಗೆ ಕೆಳಗಿಟ್ಟು, ಹೊಟ್ಟೆ ಹಿಡ್ಕೊಂಡು ನಗೋಕೆ ಶುರುಮಾಡಿದಳು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡ್ತೀನಿ ಅನ್ನಿಸ್ತು ಅಂಜಿಗೆ. ಬಿಡಲಿಲ್ಲ. ಒದ್ದೆ ಅಂಗಿಯನ್ನೇ ಹಾಕ್ಕೊಂಡು, ಹೊರಡೋವರೆಗೂ ಜಗಲಿಯ ಮೂಲೇಲಿ ಕೂತಿದ್ದ. ಕಲೆ ಹೋಗಿರಲಿಲ್ಲ.

ಸಂಜೆ ಬಸ್ಸಿಗೆ ಹೊರಟಾಗ ಅಜ್ಜಿ ಮೂವರು ಹುಡುಗಿಯರನ್ನ ಸಾಲಾಗಿ ನಿಲ್ಲಿಸಿ ಕುಂಕುಮ, ಹೂವು, ಬ್ಲೌಸ್ ಪೀಸು ಕೊಟ್ಟಳು. ಹುಡುಗರಿಗೆ ಒಂದೊಂದು ಚೀಲ ಮಾವಿನಕಾಯಿ. ಅಂಜಿಯ ಸರದಿ ಬಂದಾಗ ಚೀಲ ಕೊಡಲಿಲ್ಲ. ಒಳಗೆ ಹೋಗಿ ಬೀರುವಿಂದ ಇನ್ನೊಂದು ಪೀಸು ತಂದು, ಎಲ್ಲರ ಮುಂದೆ ಅವನ ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ ಸಮೇತ ಕೈಗೆ ಹಾಕಿದಳು.

"ತಗೋ ನಾಯನಾ. ಈ ಹೆಂಗಸರ ಕೈಲಂತೂ ಆಗಲಿಲ್ಲ. ನೀನಾದ್ರೂ ಹೊಲಿಸ್ಕೊ."

ನರೇಶ್‌ಗೆ ಏನೂ ಗೊತ್ತಿರಲಿಲ್ಲ. ಆದರೂ ನಕ್ಕಿದ್ದು ಎಲ್ಲರಿಗಿಂತ ಜೋರಾಗಿ ಅವನೇ. ಅಂಜಿ ತಲೆ ತಗ್ಗಿಸಿ ನಿಂತಿದ್ದ. ತಗ್ಗಿಸಿದ ತಲೆಗೆ ಕಂಡಿದ್ದು ಕೈಯಲ್ಲಿದ್ದ ಬಟ್ಟೆ, ಗಿಣಿ ಹಸಿರು, ಅಂಚಿಗೆ ಕುಂಕುಮದ ಬಣ್ಣ. ಎರಡು ವರ್ಷದ ಕಳ್ಳತನದ ಅಭ್ಯಾಸ, ಬೆರಳು ತಾನಾಗೇ ಮಡಿಕೆ ಬಿಚ್ಚಿ ಅಂಚು ತಿರುಗಿಸಿತು. ಅದೇ ಮುದ್ದಾದ ಅಕ್ಷರ, ಶಾಮಲಮ್ಮನ ಕೈ ಬರಹ: ‘ಮುನಿಲಕ್ಷ್ಮಿ, ನಮ್ಮ ಗೃಹಪ್ರವೇಶ’. ಆ ಅಂಗಡಿ, ಆ ಬಿಸಿಲು, ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದ ಅಮ್ಮನ ಬೆರಳು, ಬಸ್ಸಿನಲ್ಲಿ ಅವಳು ಹೇಳಿದ ಮಾತು, ಎಲ್ಲ ಅವನಿಗೆ ಒಟ್ಟಿಗೆ ನೆನಪಾಯ್ತು.

"ಅಜ್ಜಿ, ಇದು ನಮ್ಮಮ್ಮ ಶಾಮಲಮ್ಮಂಗೆ ಕೊಟ್ಟಿದ್ದು," ಅಂದ.

ಬಟ್ಟೆಯ ವಿಷಯದಲ್ಲಿ ಯಾರೂ ಕೇಳದೇ ಇದ್ದರೂ ಅವನು ಹೇಳಿದ ಮೊದಲ ನಿಜ ಅದು. ವೆಂಕಟರತ್ನಮ್ಮ ಅಂಚನ್ನ ಕಣ್ಣಿನ ಹತ್ತಿರ ಹಿಡಿದು ಓದಿದಳು. ಸತ್ತರೂ ಅಂಥ ಕೆಲಸ ಮಾಡಲ್ಲ ಅಂತ ಹೇಳಿ ಇನ್ನೂ ಮೂರು ಗಂಟೆ ಆಗಿರಲಿಲ್ಲ. ಹುಡುಗಿಯರೂ ಮೆಲ್ಲಗೆ ತಮ್ಮ ತಮ್ಮ ಪೀಸಿನ ಅಂಚು ತಿರುಗಿಸಿ ನೋಡ್ತಿದ್ದರು. ಬೀರು ತುಂಬ ಇತ್ತು, ಕೈಗೆ ಸಿಕ್ಕಿದ್ದು ತಂದೆ ಅಂದಳು ಅಜ್ಜಿ, ಯಾರೂ ಕೇಳದಿದ್ದರೂ. ಆಮೇಲೆ ಒಳಗಿಂದ ಮಾವಿನಕಾಯಿ ಚೀಲ ತಂದು ಅಂಜಿಯ ಇನ್ನೊಂದು ಕೈಗೆ ಕೊಟ್ಟು, ಆ ಪೀಸನ್ನ ನಿಮ್ಮಮ್ಮಂಗೇ ಕೊಡು ಅಂದಳು.

ಬಸ್‌ಸ್ಟಾಪಿನವರೆಗೂ ಚಂದ್ರಕಲಾ ನಗ್ತಾನೇ ಬಂದಳು. ನಗು ನಿಂತ ಮೇಲೂ ಅವಳು ಅಂಜಿಯ ಪಕ್ಕದಲ್ಲೇ ನಡೀತಿದ್ದಳು. ಅದನ್ನ ಗಮನಿಸೋ ಬುದ್ಧಿ ಆ ಪುಣ್ಯಾತ್ಮನಿಗೆ ಇರಲಿಲ್ಲ, ಅವನಿನ್ನೂ ಬನಿಯನ್ನಿನ ತೂತಿನಲ್ಲೇ ಇದ್ದ.

ಹುತ್ತೂರಿನಲ್ಲಿ ಇಳಿದಾಗ ಹುಣಸೆ ಮರದ ನೆನಪೇ ಅವನಿಗೆ ಆಗಲಿಲ್ಲ. ಆ ಅಂಗಿಯಲ್ಲೇ ಮನೆಗೆ ನಡೆದ. ಮುನಿಲಕ್ಷ್ಮಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಬಾಗಿಲಲ್ಲಿ ಕೂತಿದ್ದಳು. ಮಗನ ಎದೆ ನೋಡಿದಳು, ತೋಳು ನೋಡಿದಳು, ಬೆನ್ನು ತಿರುಗಿಸು ಅಂದು ಅದನ್ನೂ ನೋಡಿದಳು. ಟ್ರಂಕು ಯಾಕೆ ಖಾಲಿಯಾಗ್ತಿತ್ತು ಅನ್ನೋದು ಅವಳಿಗೆ ಅಲ್ಲೇ ಗೊತ್ತಾಗಿ, ಬೈಯೋಕೆ ಬಾಯಿ ತೆರೆದಳು. ಅಷ್ಟರಲ್ಲಿ ಅಂಜಿ ಗಿಣಿ ಹಸಿರನ್ನ ಅವಳ ಮಡಿಲಿಗೆ ಹಾಕಿ, ಅದು ಬಂದ ದಾರಿಯನ್ನೆಲ್ಲ ಹೇಳಿದ.

ಅವಳು ಸೊಪ್ಪಿನ ಕೈಯನ್ನ ಸೆರಗಿಗೆ ಒರೆಸ್ಕೊಂಡು ಅಂಚು ಓದಿದಳು. ಓದಿದ್ದನ್ನೇ ಇನ್ನೊಂದು ಸಲ ಓದಿದಳು. ಮಗನನ್ನ ಬೈಯೋದು ಮರೆತೇ ಹೋಯ್ತು. ದೀಪಾವಳಿಗೆ ಹೊಲಿಸ್ಕೊಂಡೆ ಅಂದಿದ್ಲಲ್ಲೋ ಅಂದಳು, ಬಹಳ ಸಣ್ಣ ದನಿಯಲ್ಲಿ. ಅಂಜಿಗೆ ಆ ದನಿ ತಡ್ಕೊಳ್ಳೋಕಾಗಲಿಲ್ಲ.

ಎದುರು ಮನೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೀತಿದ್ದ ಶಾಮಲಮ್ಮ ಬಗ್ಗಿ ಕೂಗಿದಳು. ಶುಕ್ರವಾರ ಸೊಸೆಯ ಸೀಮಂತ, ಬೀದಿಯವರೆಲ್ಲ ಬರ್ತಾರೆ, ರಾಯಲ್ಪಾಡಿಂದ ಅತ್ತಿಗೇನೂ ಬರ್ತಾಳೆ, ನೀನು ಬರೋದು ಮರೀಬೇಡ ಅಂದಳು. ಬರ್ತೀನಿ ಶಾಮಲಕ್ಕ, ಬರದೇ ಇರ್ತೀನಾ ಅಂದಳು ಮುನಿಲಕ್ಷ್ಮಿ. ನಗುನಗ್ತಾನೇ ಅಂದಳು. ಆಮೇಲೆ ಬಟ್ಟೆಯನ್ನ ಅಂಜಿಯ ಕೈಗೆ ವಾಪಸ್ ಕೊಟ್ಟು, ನಿನ್ನ ಆ ಟೈಲರು ಶುಕ್ರವಾರದೊಳಗೆ ನನಗೊಂದು ರವಿಕೆ ಹೊಲಿದುಕೊಡ್ತಾನಾ ಅಂತ ಕೇಳಿದಳು.

ಕೊಡ್ತಾನಮ್ಮ, ಹೆಸರು ಕಾಣದ ಹಂಗೆ ಒಳಗೆ ಮಡಿಸಿ ಹೊಲೀತಾನೆ ಅಂದ ಅಂಜಿ.

"ಬೇಡ," ಅಂದಳು ಮುನಿಲಕ್ಷ್ಮಿ. "ಹೆಸರು ಹೊರಗೆ ಬರ್ಲಿ. ಬೆನ್ನ ಮೇಲೆ."